ದುರ್ಬೀನಿನ ಬೆಲೆ ಯಾವುದಕ್ಕೆ?

ಮಂಗಳೂರಿನ ಬೋಳೂರಿನಲ್ಲಿ ಗುರುಪುರ ನದಿಯ ದಡದಲ್ಲಿರುವ ಸುಲ್ತಾನ್ ಬತ್ತೇರಿ ಕಪ್ಪು ಕಲ್ಲಿನ ಕಾವಲು ಬುರುಜು. ಯುದ್ಧನೌಕೆಗಳು ನದಿಯೊಳಗೆ ನುಗ್ಗದಂತೆ ತಡೆಯಲು ಟಿಪ್ಪು ಸುಲ್ತಾನನು 1784ರಲ್ಲಿ ಇದನ್ನು ಕಟ್ಟಿಸಿದನು. ದಿಗಂತದಲ್ಲಿ ಚುಕ್ಕೆಯಂತೆ ಕಾಣುವ ಹಡಗು ಮಿತ್ರರದೋ, ವೈರಿಗಳದೋ ಎಂಬುದು ಅಂದು ಜೀವನ್ಮರಣದ ಪ್ರಶ್ನೆ. ಇಂದು ನೇತ್ರಾವತಿ ಮತ್ತು ಗುರುಪುರ ನದಿಗಳ ಅಳಿವೆಯಲ್ಲಿ ಚಳಿಗಾಲದ ವಲಸೆ ಹಕ್ಕಿಗಳನ್ನು ಗುರುತಿಸಲು ಹೊರಟವರ ಪ್ರಶ್ನೆಯೂ ಅದೇ: ದೂರದ ಆ ಚುಕ್ಕೆ ಯಾವುದು?

ಬಾಗಿದ ಉದ್ದ ಕೊಕ್ಕಿನ ಕರ್ಲ್ಯೂ ಮತ್ತು ಅದನ್ನೇ ಹೋಲುವ ವಿಂಬ್ರೆಲ್ ಹಕ್ಕಿಗಳ ನಡುವಣ ಒಂದು ಮುಖ್ಯ ವ್ಯತ್ಯಾಸ ವಿಂಬ್ರೆಲ್‌ನ ನೆತ್ತಿಯ ಪಟ್ಟೆಗಳು. ಅವು ಕಾಣದಿದ್ದರೆ ಹಕ್ಕಿಗಳ ಎಣಿಕೆಯೇ ತಪ್ಪುತ್ತದೆ. ಇದಕ್ಕೆಂದೇ ಇರುವುದು ಸ್ಪಾಟಿಂಗ್ ಸ್ಕೋಪ್, ಅಂದರೆ ಮುಕ್ಕಾಲಿಯ ಮೇಲೆ ನಿಲ್ಲಿಸಿ ಒಂದೇ ಕಣ್ಣಿನಿಂದ ನೋಡುವ ದುರ್ಬೀನು. ಕೆಲವು ಸಾವಿರ ರೂಪಾಯಿಗೂ ಇದು ಸಿಗುತ್ತದೆ, ಲಕ್ಷಗಟ್ಟಲೆ ಬೆಲೆಯದೂ ಇದೆ. ಎರಡೂ ವಸ್ತುವನ್ನು 60 ಪಟ್ಟು ಹಿಗ್ಗಿಸಬಹುದು. ಹಾಗಿದ್ದರೆ ಅಂತರವೆಲ್ಲಿ?

ಉತ್ತರ ಇತಿಹಾಸದಲ್ಲಿದೆ. ಗಾಜಿನ ಮೂಲಕ ಹಾಯುವಾಗ ಬೆಳಕಿನ ಒಂದೊಂದು ಬಣ್ಣವೂ ಒಂದೊಂದು ಪ್ರಮಾಣದಲ್ಲಿ ಬಾಗುತ್ತದೆ. ಹೀಗಾಗಿ ಹಳೆಯ ದುರ್ಬೀನುಗಳಲ್ಲಿ ಪ್ರತಿ ವಸ್ತುವಿನ ಅಂಚಿಗೂ ಬಣ್ಣದ ಗೆರೆ ಅಂಟಿಕೊಂಡಿರುತ್ತಿತ್ತು. ಇದಕ್ಕೆ ಮದ್ದಿಲ್ಲವೆಂದು ಭಾವಿಸಿದ ನ್ಯೂಟನ್, 1668ರಲ್ಲಿ ಮಸೂರದ ಬದಲು ಕನ್ನಡಿಯ ದೂರದರ್ಶಕವನ್ನು ಮಾಡಿದನು. ಆದರೆ 1730ರ ದಶಕದ ವೇಳೆಗೆ ಚೆಸ್ಟರ್ ಮೂರ್ ಹಾಲ್ ಎಂಬ ಇಂಗ್ಲಿಷ್ ವಕೀಲನು ಎರಡು ಬಗೆಯ ಗಾಜಿನ ಮಸೂರಗಳನ್ನು ಜೋಡಿಸಿ ಒಂದರ ದೋಷವನ್ನು ಇನ್ನೊಂದರಿಂದ ಅಳಿಸಿದನು. 1758ರಲ್ಲಿ ಇದಕ್ಕೆ ಪೇಟೆಂಟ್ ಪಡೆದವನು ಮಾತ್ರ ಜಾನ್ ಡಾಲಂಡ್. ಪೇಟೆಂಟನ್ನು ರದ್ದುಪಡಿಸಬೇಕೆಂದು ಲಂಡನ್ನಿನ ಇತರ ತಯಾರಕರು 1764ರಲ್ಲಿ ಮನವಿ ಸಲ್ಲಿಸಿದರು, ಫಲ ಸಿಗಲಿಲ್ಲ. ಸುಲ್ತಾನ್ ಬತ್ತೇರಿ ಎದ್ದು ನಿಂತ ಕಾಲಕ್ಕೆ ಡಾಲಂಡ್ ಹೆಸರು ನಾವಿಕರ ನಡುವೆ ಉತ್ತಮ ದುರ್ಬೀನಿಗೆ ಪರ್ಯಾಯವಾಗಿತ್ತು.

ಮುಂದಿನ ಹೆಜ್ಜೆ ಗಾಜಿನದೇ. 1884ರಲ್ಲಿ ಜರ್ಮನಿಯ ಯೇನಾದಲ್ಲಿ ಆಟೋ ಶಾಟ್, ಅರ್ನ್ಸ್ಟ್ ಅಬ್ಬೆ ಮತ್ತು ಕಾರ್ಲ್ ಜೈಸ್ ಜತೆಗೂಡಿ ಗಾಜಿನ ಕಾರ್ಖಾನೆ ತೆರೆದು, ಹೊಸ ಹೊಸ ಬಗೆಯ ಗಾಜುಗಳನ್ನು ತಯಾರಿಸಿದರು. ಇಂದಿನ ದುಬಾರಿ ದುರ್ಬೀನಿನಲ್ಲಿರುವ ‘ಇಡಿ’ ಗಾಜು, ಫ್ಲೋರೈಟ್ ಹರಳು ಈ ದಾರಿಯಲ್ಲೇ ಬಂದವು. ಇವು ಬಣ್ಣಗಳನ್ನು ಕಡಿಮೆ ಚದುರಿಸುವುದರಿಂದ 60 ಪಟ್ಟು ಹಿಗ್ಗಿಸಿದಾಗಲೂ ನೆತ್ತಿಯ ಪಟ್ಟೆ ಕಲಸಿಹೋಗುವುದಿಲ್ಲ.

ಎರಡನೆಯದು ಲೇಪನ. ಲೇಪನವಿಲ್ಲದ ಗಾಜಿನ ಪ್ರತಿ ಮೇಲ್ಮೈಯಲ್ಲಿ ಸುಮಾರು ಶೇ. 4ರಷ್ಟು ಬೆಳಕು ಪ್ರತಿಫಲಿಸಿ ನಷ್ಟವಾಗುತ್ತದೆ. ಅಂಥ 10 ಮೇಲ್ಮೈಗಳಿದ್ದರೆ ಮೂರನೇ ಒಂದು ಪಾಲು ಬೆಳಕು ಕಣ್ಣಿಗೆ ತಲುಪುವುದೇ ಇಲ್ಲ. ಇದನ್ನು ತಡೆಯುವ ಲೇಪನವನ್ನು ಜೈಸ್ ಕಂಪೆನಿಯ ಅಲೆಕ್ಸಾಂಡರ್ ಸ್ಮಕುಲ 1935ರಲ್ಲಿ ರೂಪಿಸಿದನು. ಮೊದಲಿಗೆ ಅದು ಜರ್ಮನಿಯ ಸೇನಾ ರಹಸ್ಯವಾಗಿತ್ತು.

ಇನ್ನು ಲೆಕ್ಕ. 80 ಮಿ.ಮೀ. ಮಸೂರದ ದುರ್ಬೀನು 20 ಪಟ್ಟು ಹಿಗ್ಗಿಸಿದಾಗ ಕಣ್ಣಿಗೆ ಬರುವ ಬೆಳಕಿನ ಕಟ್ಟು 4 ಮಿ.ಮೀ. ಅಗಲವಿರುತ್ತದೆ. 60 ಪಟ್ಟಿಗೆ ಅದು 1.3 ಮಿ.ಮೀ.ಗೆ ಇಳಿದು, ಚಿತ್ರದ ಹೊಳಪು ಒಂಬತ್ತನೇ ಒಂದು ಪಾಲಾಗುತ್ತದೆ. ಈ ನಿಯಮದಿಂದ ದುಬಾರಿ ದುರ್ಬೀನಿಗೂ ವಿನಾಯಿತಿಯಿಲ್ಲ. ಆದರೆ ಉಳಿದ ಬೆಳಕನ್ನು ಅದು ಪೋಲು ಮಾಡುವುದಿಲ್ಲ.

ಕರಾವಳಿಗೆ ಇನ್ನೊಂದು ಪರೀಕ್ಷೆಯೂ ಉಂಟು. ಮಳೆಗಾಲದ ತೇವಕ್ಕೆ ಮಸೂರದ ಒಳಗೆ ಬೂಷ್ಟು ಹಿಡಿದರೆ ಎಂಥ ಗಾಜೂ ಕೆಡುತ್ತದೆ. ಗಾಳಿಯಾಡದಂತೆ ಮುಚ್ಚಿ, ಒಳಗೆ ನೈಟ್ರೋಜನ್ ತುಂಬಿದ ದುರ್ಬೀನು ಇಲ್ಲಿ ಹೆಚ್ಚು ಬಾಳುತ್ತದೆ.

ಬೆಳಗಿನ ಬಿಸಿಲಿನಲ್ಲಿ 20ರಿಂದ 30 ಪಟ್ಟಿನ ನೋಟಕ್ಕೆ ಅಗ್ಗದ ದುರ್ಬೀನೂ ಸಾಕು. ಮುಸ್ಸಂಜೆಯಲ್ಲಿ, ಗರಿಷ್ಠ ಹಿಗ್ಗುವಿಕೆಯಲ್ಲಿ ಮಾತ್ರ ಬೆಲೆಯ ಅಂತರ ಎದ್ದು ಕಾಣುತ್ತದೆ. ಆ ಅಂತರವೂ ಸ್ಥಿರವಲ್ಲ. ನ್ಯಾಯಾಲಯದವರೆಗೆ ಹೋದ ಡಾಲಂಡ್‌ನ ಜೋಡಿ ಮಸೂರ ಇಂದು ಅಗ್ಗದ ದುರ್ಬೀನಿನಲ್ಲೂ ಇದೆ. ಒಂದು ಕಾಲದ ಸೇನಾ ರಹಸ್ಯ ಇಂದು ಸಾಮಾನ್ಯರ ಕನ್ನಡಕದ ಮೇಲಿದೆ.