ಶಿವಮೊಗ್ಗ ಪ್ರದೇಶದ ಸ್ಟ್ರೊಮ್ಯಾಟೊಲೈಟುಗಳು

ಸ್ಟ್ರೊಮ್ಯಾಟೊಲೈಟ್ ಎಂಬುದು ಸೂಕ್ಷ್ಮಜೀವಿಗಳ ಚಟುವಟಿಕೆಯಿಂದ ಪದರಪದರವಾಗಿ ಬೆಳೆದ ಶಿಲಾರಚನೆ. ಶಿವಮೊಗ್ಗ ಶಿಸ್ಟ್ ಪಟ್ಟಿಯ ಸುಣ್ಣಕಲ್ಲು ಮತ್ತು ಡಾಲೊಮೈಟ್ ಶಿಲೆಗಳಲ್ಲಿ, ಮುಖ್ಯವಾಗಿ ಕುಂಸಿಯ ಆಸುಪಾಸಿನಲ್ಲಿ, ಇವು ಕಂಡುಬಂದಿವೆ. ಧಾರವಾಡ ಶಿಲಾಸಮೂಹದ ಚಿತ್ರದುರ್ಗ ಗುಂಪಿಗೆ ಸೇರಿದ ಈ ಶಿಲೆಗಳ ವಯಸ್ಸು ಸುಮಾರು 260 ಕೋಟಿ ವರ್ಷ ಅಥವಾ ಅದಕ್ಕೂ ಹೆಚ್ಚು. ಈಗಿನ ಮಲೆನಾಡಿನ ಅಂಚಿನ ಈ ಪ್ರದೇಶದಲ್ಲಿ ಅಂದು ಆಳವಿಲ್ಲದ ಕಡಲಿತ್ತು.

ರಚನೆ

ಸಯನೋಬ್ಯಾಕ್ಟೀರಿಯಾದಂತಹ ಜೀವಿಗಳು ಕಡಲತಳದಲ್ಲಿ ತೆಳುವಾದ ಲೋಳೆಚಾಪೆಯಾಗಿ ಹರಡುತ್ತವೆ. ನೀರಿನಲ್ಲಿ ತೇಲಿಬಂದ ಸಣ್ಣ ಕಣಗಳು ಆ ಲೋಳೆಗೆ ಅಂಟಿಕೊಳ್ಳುತ್ತವೆ. ಜೀವಿಗಳು ದ್ಯುತಿಸಂಶ್ಲೇಷಣೆಗಾಗಿ ಇಂಗಾಲದ ಡೈಆಕ್ಸೈಡನ್ನು ಹೀರಿದಾಗ ಸುತ್ತಲಿನ ನೀರಿನಿಂದ ಸುಣ್ಣದ ಅಂಶವೂ ಒತ್ತರಿಸಿ ನಿಲ್ಲುತ್ತದೆ. ಚಾಪೆ ಹೂತುಹೋದಂತೆ ಜೀವಿಗಳು ಬೆಳಕನ್ನರಸಿ ಮೇಲೇರಿ ಹೊಸ ಚಾಪೆ ಹೆಣೆಯುತ್ತವೆ. ಹೀಗೆ ಕ್ರಮೇಣ ಗುಮ್ಮಟ, ಕಂಬ, ಶಂಕು ಮೊದಲಾದ ಆಕಾರಗಳು ಮೂಡುತ್ತವೆ. ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿಯಲ್ಲಿ ಈ ಕ್ರಿಯೆಯನ್ನು ಇಂದಿಗೂ ನೋಡಬಹುದು.

ಪದರಗಳ ಉಬ್ಬು ಸಾಮಾನ್ಯವಾಗಿ ಮೇಲ್ಮುಖವಾಗಿರುತ್ತದೆ. ಮಡಿಚಿ ತಲೆಕೆಳಗಾದ ಶಿಲಾಸ್ತರಗಳಲ್ಲಿ ಮೂಲತಃ ಮೇಲಿದ್ದ ಭಾಗ ಯಾವುದೆಂದು ಭೂವಿಜ್ಞಾನಿಗಳು ನಿರ್ಧರಿಸಲು ಇದು ನೆರವಾಗುತ್ತದೆ. ಧಾರವಾಡ ಶಿಲೆಗಳಂತೆ ಬಹಳವಾಗಿ ಮಡಿಚಿದ ಶಿಲೆಗಳಲ್ಲಿ ಇದರ ಬೆಲೆ ಹೆಚ್ಚು.

ವರ್ಗೀಕರಣ

ಇವುಗಳಿಗೂ ಕುಲನಾಮಗಳಿವೆ: ಜೇಮ್ಸ್ ಹಾಲ್ 1883ರಲ್ಲಿ ಹೆಸರಿಸಿದ ಕ್ರಿಪ್ಟೊಜೋನ್, ಆಮೇಲೆ ಬಂದ ಕೊಲೆನಿಯಾ, ಕೊನೊಫೈಟಾನ್. ಆದರೆ ಇವು ಆಕಾರವನ್ನಷ್ಟೇ ಹೇಳುವ ಹೆಸರುಗಳು. ಹಸುವಿನ ಕುಲ, ಮಾವಿನ ಕುಲ ಎಂಬಂತೆ ವಂಶಸಂಬಂಧವನ್ನು ಸೂಚಿಸುವುದಿಲ್ಲ. ಒಂದೇ ಚಾಪೆಯಲ್ಲಿ ಹಲವು ಬಗೆಯ ಜೀವಿಗಳಿರಬಹುದು. 'ಸ್ಟ್ರೊಮ್ಯಾಟೊಲೈಟ್' ಎಂಬ ಪದವನ್ನು ಜರ್ಮನಿಯ ಕಾಲ್ಕೊವ್ಸ್ಕಿ 1908ರಲ್ಲಿ ಬಳಕೆಗೆ ತಂದನು.

ಸ್ಪಂಜಿನ ಪಳೆಯುಳಿಕೆಗಳಿಂದ ಭೇದ

ಹೆಸರಿನ ಹೋಲಿಕೆಯಿಂದ ವಿದ್ಯಾರ್ಥಿಗಳು ಇವನ್ನು ಸ್ಟ್ರೊಮ್ಯಾಟೊಪೊರಾ ಎಂದು ಭಾವಿಸುವುದುಂಟು. ಗೋಲ್ಡ್‌ಫುಸ್ 1826ರಲ್ಲಿ ವರ್ಣಿಸಿದ ಸ್ಟ್ರೊಮ್ಯಾಟೊಪೊರಾ ಅಳಿದುಹೋದ ಪ್ರಾಣಿಕುಲ. ಅದರ ಸುಣ್ಣದ ಅಸ್ಥಿಯಲ್ಲಿ ಅಡ್ಡ ಪದರಗಳ ಜೊತೆಗೆ ಲಂಬವಾದ ಕಂಬಗಳೂ ನಕ್ಷತ್ರಾಕಾರದ ನಾಳಗಳ ಗುರುತುಗಳೂ ಇವೆ. ಬಹುಕಾಲ ಅದನ್ನು ಹೈಡ್ರೊಜೋವ ವರ್ಗದಲ್ಲಿ ಇರಿಸಲಾಗಿತ್ತು. ಸುಣ್ಣದ ಅಸ್ಥಿಯುಳ್ಳ ಜೀವಂತ ಸ್ಪಂಜುಗಳನ್ನು ಕೆರಿಬಿಯನ್ ಕಡಲಿನಲ್ಲಿ ಅಧ್ಯಯನ ಮಾಡಿದ ಮೇಲೆ, 1970ರಿಂದೀಚೆಗೆ, ಅದು ಸ್ಪಂಜುಗಳ ಸಾಲಿಗೆ ಸೇರಿತು. ಸ್ಟ್ರೊಮ್ಯಾಟೊಲೈಟಿನಲ್ಲಿ ಇಂತಹ ಅಂಗರಚನೆ ಇಲ್ಲ. ಅದು ಜೀವಿಯ ದೇಹವಲ್ಲ, ಜೀವಿಸಮೂಹವು ಕಟ್ಟಿದ ದಿಬ್ಬ. ಕುಂಸಿಯ ಶಿಲೆಗಳ ಕಾಲಕ್ಕೆ ಪ್ರಾಣಿಗಳೇ ಹುಟ್ಟಿರಲಿಲ್ಲ.

ಸುಣ್ಣಕಲ್ಲಿನ ಬಳಕೆ

1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಸುಣ್ಣಕಲ್ಲು ಅಗತ್ಯವಾಗಿತ್ತು. ಊದುಕುಲುಮೆಯಲ್ಲಿ ಅದು ಅದಿರಿನ ಸಿಲಿಕಾದೊಡನೆ ಸೇರಿ ಕಿಟ್ಟವಾಗಿ ಬೇರ್ಪಡುತ್ತದೆ. ಸುಣ್ಣಕಲ್ಲೆಲ್ಲವೂ ಸ್ಟ್ರೊಮ್ಯಾಟೊಲೈಟ್ ಅಲ್ಲ. ಆದರೆ ಪದರಗಳುಳ್ಳ ಕಲ್ಲು ಒಮ್ಮೆ ಕುಲುಮೆ ಸೇರಿದರೆ ಅದರ ಸಾಕ್ಷ್ಯ ಮರಳಿ ಸಿಗದು. ಇಂತಹ ಕಲ್ಲನ್ನು ಗುರುತಿಸಲು ಹೊಸದಾಗಿ ಒಡೆದ ಮುಖಕ್ಕಿಂತ ಮಳೆಗಾಳಿಗೆ ಸವೆದ ಮುಖವೇ ಅನುಕೂಲ: ಸಿಲಿಕಾ ಹೆಚ್ಚಿರುವ ಪದರಗಳು ಕರಗದೆ ಉಳಿದು ಏಣುಗಳಂತೆ ಎದ್ದು ಕಾಣುತ್ತವೆ.