ಜಾಡಿಯಲ್ಲಿ ಮೊಳಕೆ ಕಾಳು: ನೀರು ಹಾಕುವುದಕ್ಕಿಂತ ಬಸಿಯುವುದೇ ಮುಖ್ಯ

ಕಾಳು ನೆನೆಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಮೊಳಕೆ ಬರಿಸುವುದು ಹಳೆಯ ಪದ್ಧತಿ. ಗಾಳಿ ಕಡಿಮೆ ಇರುವ ಫ್ಲ್ಯಾಟಿನ ಅಡುಗೆಮನೆಯಲ್ಲಿ ಆ ಬಟ್ಟೆ ಬೇಗ ಹುಳಿ ವಾಸನೆ ಹಿಡಿಯುತ್ತದೆ. ಗಾಜಿನ ಜಾಡಿಯಾದರೆ ಒಳಗೇನಾಗುತ್ತಿದೆ ಎಂದು ಕಣ್ಣಿಗೆ ಕಾಣುತ್ತದೆ, ಕಾಳಿಗೆ ಕೈ ತಾಗಿಸದೆ ತೊಳೆಯಬಹುದು. ಇದಕ್ಕೆಂದೇ ಮಾರುವ ಡಬ್ಬಗಳಿಗೆ ದುಡ್ಡು ಸುರಿಯಬೇಕಿಲ್ಲ. ಉಪ್ಪಿನಕಾಯಿ ಖಾಲಿಯಾದ ಅಗಲ ಬಾಯಿಯ ಜಾಡಿಯನ್ನು ಸೋಪು, ಬಿಸಿನೀರಿನಲ್ಲಿ ತೊಳೆದುಕೊಂಡರೆ ಸಾಕು.

ಒಂದು ಲೀಟರ್ ಜಾಡಿಗೆ ಸುಮಾರು 100 ಗ್ರಾಂ ಹೆಸರುಕಾಳು ಸರಿಯಾದ ಅಳತೆ. ಮೊಳೆತ ಮೇಲೆ ಕಾಳು ಹಲವು ಪಟ್ಟು ಉಬ್ಬುವುದರಿಂದ ಜಾಡಿಯ ಕಾಲು ಭಾಗಕ್ಕಿಂತ ಹೆಚ್ಚು ತುಂಬಬಾರದು. ಎರಡು ಮೂರು ಬಾರಿ ತೊಳೆದು, ಸಾಕಷ್ಟು ನೀರಿನಲ್ಲಿ 8 ಗಂಟೆ ನೆನೆಸಬೇಕು. ಹುರುಳಿ, ಕಡಲೆಗೆ 10ರಿಂದ 12 ಗಂಟೆ ಬೇಕು. ನಂತರ ಜಾಡಿಯ ಬಾಯಿಗೆ ತೆಳು ಬಟ್ಟೆಯನ್ನೋ ಸೊಳ್ಳೆಪರದೆಯ ತುಂಡನ್ನೋ ರಬ್ಬರ್ ಬ್ಯಾಂಡ್ ಹಾಕಿ ಬಿಗಿದು, ನೀರನ್ನು ಪೂರ್ತಿ ಬಸಿಯಬೇಕು.

ಹೆಚ್ಚಿನವರ ಮೊಳಕೆ ಕೆಡುವುದು ಇಲ್ಲಿಯೇ. ಮೊಳೆಯುವ ಕಾಳು ಉಸಿರಾಡುತ್ತದೆ, ಬಿಸಿಯನ್ನೂ ಹೊರಬಿಡುತ್ತದೆ. ತಳದಲ್ಲಿ ಎರಡು ಚಮಚ ನೀರು ನಿಂತರೂ ಅಲ್ಲಿನ ಕಾಳಿಗೆ ಗಾಳಿ ಸಿಗದೆ ಲೋಳೆಯಾಗುತ್ತದೆ. ಹಾಗಾಗಿ ಜಾಡಿಯನ್ನು ಬಾಯಿ ಕೆಳಗಾಗಿ ಓರೆಯಾಗಿ ಪಾತ್ರೆ ಸ್ಟ್ಯಾಂಡಿನಲ್ಲಿ ಇಡಬೇಕು, ಮುಚ್ಚಳ ಹಾಕಲೇಬಾರದು. ಬೆಳಗ್ಗೆ, ಸಂಜೆ ಕುಡಿಯುವ ನೀರಿನಲ್ಲಿ ಜಾಲಾಡಿಸಿ ಮತ್ತೆ ಬಸಿಯಬೇಕು. ಮುಂಬೈ, ಚೆನ್ನೈನ ಸೆಕೆಗೆ ದಿನಕ್ಕೆ ಮೂರು ಬಾರಿ ಮಾಡಿದರೆ ಒಳ್ಳೆಯದು. ಅಲ್ಲಿ ಒಂದೂವರೆ ದಿನದಲ್ಲಿ ಬರುವ ಹೆಸರಿನ ಮೊಳಕೆ, ದೆಹಲಿಯ ಚಳಿಗಾಲದಲ್ಲಿ ಮೂರು ದಿನ ತೆಗೆದುಕೊಂಡರೂ ಅಚ್ಚರಿಯಿಲ್ಲ.

ಬೇರಿನ ಸುತ್ತ ಬಿಳಿ ನವಿರು ಕಂಡ ಕೂಡಲೇ ಬೂಷ್ಟು ಎಂದು ಎಸೆಯಬೇಡಿ. ಅವು ಬೇರುಕೂದಲು, ನೀರು ಹಾಕಿದರೆ ಬೇರಿಗೆ ಅಂಟಿ ಮಾಯವಾಗುತ್ತವೆ. ಕಾಳಿನಿಂದ ಕಾಳಿಗೆ ಜೇಡರ ಬಲೆಯಂತೆ ಹಬ್ಬಿ, ಮುಗ್ಗಲು ವಾಸನೆ ಬಂದರೆ ಅದು ಬೂಷ್ಟು. ಆಗ ಮೇಲಿನದನ್ನಷ್ಟೇ ತೆಗೆಯದೆ ಇಡೀ ಜಾಡಿಯನ್ನು ಖಾಲಿ ಮಾಡಬೇಕು.

ಒಣ ಕಾಳಿನಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಇರುವ ಸಿ ವಿಟಮಿನ್ ಮೊಳೆಯುವಾಗ ಹೆಚ್ಚುತ್ತದೆ. ಕಬ್ಬಿಣಾಂಶ ಹೀರಿಕೊಳ್ಳಲು ಅಡ್ಡಿಯಾಗುವ ಫೈಟೇಟ್ ತಗ್ಗುತ್ತದೆ. ಆದರೆ ಮೊಳಕೆಗೆ ಹಿತವಾದ ತೇವ, ಬೆಚ್ಚಗಿನ ವಾತಾವರಣವೇ ಬ್ಯಾಕ್ಟೀರಿಯಾಗಳಿಗೂ ಹಿತ. 2011ರಲ್ಲಿ ಜರ್ಮನಿಯಲ್ಲಿ ಇ-ಕೋಲಿ ಸೋಂಕಿಗೆ 3,800ಕ್ಕೂ ಹೆಚ್ಚು ಜನ ತುತ್ತಾಗಿ, 50ಕ್ಕೂ ಹೆಚ್ಚು ಮಂದಿ ಸತ್ತರು. ತನಿಖೆ ಬೆರಳು ತೋರಿಸಿದ್ದು ಮೊಳಕೆ ಬರಿಸಿದ ಮೆಂತ್ಯದ ಕಡೆಗೆ. ಸೋಂಕು ಬೀಜದ ಬಿರುಕಿನಲ್ಲೇ ಅಡಗಿರಬಹುದಾದ್ದರಿಂದ ಎಷ್ಟು ತೊಳೆದರೂ ಪೂರ್ತಿ ಹೋಗುತ್ತದೆಂಬ ಖಾತರಿಯಿಲ್ಲ.

ಆದ್ದರಿಂದ ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಂದಿದವರಿಗೆ ಹಸಿ ಮೊಳಕೆ ಬೇಡ. ಚೆನ್ನಾಗಿ ಬೇಯಿಸಿದರೆ ಸಿ ವಿಟಮಿನ್ ಸ್ವಲ್ಪ ನಷ್ಟವಾಗುತ್ತದೆ, ಭಯ ಬಹುಪಾಲು ಹೋಗುತ್ತದೆ. ನಮ್ಮ ಮೊಳಕೆ ಹುರುಳಿ ಸಾರು, ಮಹಾರಾಷ್ಟ್ರದ ಮಟಕಿ ಉಸಳ್ ಎರಡೂ ಬೆಂದ ಅಡುಗೆಗಳೇ. ಕೋಸಂಬರಿಗೆ ಹಾಕುವವರು ಮೊದಲು ಹಬೆಯಲ್ಲಿ ಬೇಯಿಸಿಕೊಳ್ಳಬಹುದು.

ಬಿತ್ತನೆ ಬೀಜದ ಅಂಗಡಿಯ ಕಾಳನ್ನು ಮಾತ್ರ ತರಬಾರದು, ಅದಕ್ಕೆ ಔಷಧಿ ಲೇಪಿಸಿರುತ್ತಾರೆ. ಒಡೆದ ಬೇಳೆ ಮೊಳೆಯುವುದಿಲ್ಲ. ರಾಜ್ಮಾ ಮೊಳೆಯುತ್ತದೆ, ಆದರೆ ಅದರಲ್ಲಿನ ಲೆಕ್ಟಿನ್ ಎಂಬ ಅಂಶ ಹಸಿಯಾಗಿ ತಿಂದರೆ ವಾಂತಿ, ಭೇದಿ ತರಿಸುವುದರಿಂದ ಚೆನ್ನಾಗಿ ಕುದಿಸದೆ ಬಾಯಿಗಿಡಬಾರದು. ಸಿದ್ಧವಾದ ಮೊಳಕೆಯ ನೀರು ಆರಿಸಿ ಫ್ರಿಜ್‌ನಲ್ಲಿಟ್ಟರೆ ಎರಡು ಮೂರು ದಿನದೊಳಗೆ ಬಳಸಬೇಕು.