ಕಟ್ಟುವ ಡಾಬು, ಹಾಕುವ ಬೆಲ್ಟು

ಹೋದ ಶನಿವಾರ ಸಂಜೆ ವಿಜಯನಗರದಲ್ಲಿ, ಮಾರುತಿ ಮಂದಿರದ ಹತ್ತಿರದ ಒಂದು ಬಟ್ಟೆ ಅಂಗಡಿಯಲ್ಲಿ ನನ್ನ ಸರದಿಗೆ ಕಾಯುತ್ತಾ ನಿಂತಿದ್ದೆ. ಕನ್ನಡಿಯ ಮುಂದೆ ಹದಿನೆಂಟು ಹತ್ತೊಂಬತ್ತರ ಹುಡುಗಿ. ಮೀನಖಂಡದವರೆಗೆ ಇಳಿದ ನೂಲಿನ ಡ್ರೆಸ್ಸು, ಸಾಸಿವೆ ಹೂವಿನ ಬಣ್ಣ. ಬಣ್ಣವೇನೋ ಚೆಂದ. ಆದರೆ ಹೆಗಲಿನಿಂದ ಹೊರಟ ಬಟ್ಟೆ ಎಲ್ಲಿಯೂ ತಡೆಯಿಲ್ಲದೆ ಸುರಿದುಹೋಗಿತ್ತು. “ಗೋಣಿಚೀಲ ಇದ್ದಂಗಿದೆ” ಅಂದರು ತಾಯಿ. ಬಟ್ಟೆ ತೋರಿಸುತ್ತಿದ್ದಾಕೆ “ಹಿಪ್ ಬೆಲ್ಟ್ ಹಾಕಿ ಮೇಡಂ, ಲುಕ್ ಬರುತ್ತೆ” ಎಂದು ಕಂದು ಪಟ್ಟಿಯೊಂದನ್ನು ತಂದಳು. ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಅಜ್ಜಿ ತಲೆಯೆತ್ತಿದರು. “ಅದನ್ನೇ ಕಣೇ ನಾನು ಆಗ್ಲಿಂದ ಬಡ್ಕೋತಿರೋದು, ಒಂದು ಡಾಬು ಕಟ್ಟು ಅಂತ.”

ಹುಡುಗಿ ನಕ್ಕಳು. “ಅಜ್ಜೀ, ಡಾಬು ಮದ್ವೆಗೆ. ಇದು ಬೆಲ್ಟು.”

ನಾನು ಬಂದ ಕೆಲಸ ಮರೆತೆ. ಒಂದೇ ಅಂಗಡಿಯಲ್ಲಿ, ಮೂರು ಮಾರು ಜಾಗದಲ್ಲಿ, ಒಂದು ಪದವನ್ನು ಎತ್ತಿ ಕಪಾಟಿನೊಳಗಿಟ್ಟು ಬೀಗ ಹಾಕಿದ್ದನ್ನು ಕಣ್ಣಾರೆ ಕಂಡಂತಾಯಿತು. ಚಿನ್ನದ ಡಾಬು ಬ್ಯಾಂಕಿನ ಲಾಕರಿಗೆ ಹೋಗಿ ಬಹಳ ವರ್ಷವಾಯಿತು. ಅದರ ಬೆನ್ನ ಹಿಂದೆಯೇ ಪದವೂ ಹೋಗಿ ಕೂತಿದೆ. ಮದುವೆ ಇದ್ದಾಗ ಎರಡೂ ಹೊರಗೆ ಬರುತ್ತವೆ, ಮುಗಿದ ಮೇಲೆ ಎರಡೂ ಒಳಕ್ಕೆ.

ನಮ್ಮ ಮಾಗಡಿ ಕಡೆಯ ಅಜ್ಜಿಗೆ ಡಾಬು ಮದುವೆಯ ಒಡವೆ ಆಗಿರಲಿಲ್ಲ. ಅವಳದು ಬೆಳ್ಳಿಯದು, ಎರಡು ಬೆರಳಗಲ, ಉಜ್ಜಿ ಉಜ್ಜಿ ಹೂಬಳ್ಳಿಯೆಲ್ಲ ಸವೆದು ನುಣ್ಣಗಾದದ್ದು. ಕೊಂಡಿಯ ಹತ್ತಿರ ಒಂದು ಕಡೆ ಮುರಿದು ಬೆಸೆದ ಗುರುತಿತ್ತು. ಎಲೆಯಡಿಕೆಯ ಸಂಚಿ ಅದರ ಸಂದಿಯಲ್ಲಿ, ಬೀಗದ ಕೈ ಅದರ ಪಕ್ಕದಲ್ಲಿ. ಕೊಟ್ಟಿಗೆ ಗುಡಿಸುವಾಗಲೂ ಅದು ಅವಳ ನಡುವಿನಲ್ಲೇ ಇರುತ್ತಿತ್ತು. ಅಂದರೆ ಆ ಹುಡುಗಿ ‘ಬೆಲ್ಟು’ ಎಂದು ಏನನ್ನು ಕರೆದಳೋ ಅದೇ ಕೆಲಸವನ್ನು ಅಜ್ಜಿಯ ಡಾಬು ದಿನವೂ ಮಾಡುತ್ತಿತ್ತು: ಸಡಿಲವಾದ ಬಟ್ಟೆಯನ್ನು ಮೈಗೆ ಒಪ್ಪಿಸುವುದು.

ಡಾಬು ಎಂಬ ಪದ ಎಲ್ಲಿಂದ ಬಂತು? ನಿಘಂಟು ತೆರೆದರೆ ಏನಾದರೂ ಸಿಗುತ್ತದೆ, ನನಗೆ ಆ ಅವಸರವಿಲ್ಲ. ಬಹುಕಾಲದಿಂದ ಸಾಕಿಕೊಂಡು ಬಂದ ನನ್ನದೇ ಒಂದು ಊಹೆಯಿದೆ. ರಾಜಾಜಿನಗರದ ನಮ್ಮ ಹಳೆಯ ಬೀದಿಯಲ್ಲಿ ಎದುರು ಮನೆಯವರು ತೆಲುಗರು. ಅವರ ಮನೆಯಲ್ಲಿ ಸೊಂಟದ ಒಡವೆಗೆ ‘ವಡ್ಡಾಣಂ’ ಅನ್ನುತ್ತಿದ್ದರು. ನಮ್ಮ ಒಡ್ಯಾಣದ ಸೋದರಿ. ಒಂದು ದಿನ ಆ ಮನೆಯ ದೊಡ್ಡಮ್ಮನ ಮುಂದೆ ನಾನು “ನಮ್ಮಜ್ಜಿಯ ಡಾಬು” ಅಂದಾಗ ಅವರಿಗೆ ನಗು ತಡೆಯಲಾಗಲಿಲ್ಲ. ತೆಲುಗಿನಲ್ಲಿ ಡಾಬು ಅಂದರೆ ಠೀವಿ, ಆಡಂಬರ, ನಾವು ಡೌಲು ಅನ್ನುತ್ತೇವಲ್ಲ ಅದು. “ಅಜ್ಜಿಗೆ ಅಷ್ಟೊಂದು ಡಾಬೇ?” ಅಂದರು. ಆವತ್ತಿನಿಂದ ನನಗೆ ಅನುಮಾನವೇ ಉಳಿದಿಲ್ಲ. ಎರಡೂ ಒಂದೇ ಪದ. ಒಡವೆಗೆ ಹೆಸರು ಬಂದದ್ದು ಅದರ ಆಕಾರದಿಂದಲ್ಲ, ಅದನ್ನು ಕಟ್ಟಿಕೊಂಡವರು ನಿಲ್ಲುವ ಠೀವಿಯಿಂದ.

ಸಾಕ್ಷಿ ಬೇಕೇ? ಯಕ್ಷಗಾನದ ಚೌಕಿಗೆ ಹೋಗಿ. ಎದೆಕಟ್ಟು, ಭುಜಕೀರ್ತಿ, ತೋಳುಕಟ್ಟುಗಳ ಜೊತೆಗೆ ವೇಷಧಾರಿಯ ಸೊಂಟಕ್ಕೆ ಬಿಗಿಯುವ ಆಭರಣಕ್ಕೂ ಡಾಬು ಎಂದೇ ಹೆಸರು. ಅಲ್ಲಿ ಅದನ್ನು ಕಟ್ಟಿಕೊಳ್ಳುವವನು ಅರ್ಜುನ, ಕರ್ಣ, ಸುಧನ್ವ. ಹೆಣ್ಣಿನ ಸೊಂಟ ಸಣ್ಣಗೆ ಕಾಣಲಿ ಎಂಬುದಷ್ಟೇ ಡಾಬಿನ ಉದ್ದೇಶವಾಗಿದ್ದರೆ ಈ ವೀರರಿಗೆಲ್ಲ ಅದೇಕೆ? ಕಟ್ಟಿದ ಕೂಡಲೇ ಬೆನ್ನು ತಾನೇ ನೆಟ್ಟಗಾಗುತ್ತದೆ. ಅದಕ್ಕೇ ಅದು ಡಾಬು. ಭಾಷಾಶಾಸ್ತ್ರ ಬಲ್ಲವರು ತಲೆಯಾಡಿಸಲಿ, ನಾನು ಬಿಟ್ಟುಕೊಡುವವಳಲ್ಲ.

ಇನ್ನು ಆ ‘ಹಿಪ್ ಬೆಲ್ಟ್’. ಅಂಗಡಿಯಾಕೆ ತಂದ ಪಟ್ಟಿ ನಿಂತದ್ದು ಹೊಕ್ಕುಳಿಗಿಂತ ಒಂದು ಬೆರಳು ಮೇಲೆ. ಅದು ಹಿಪ್ಪೂ ಅಲ್ಲ, ಸೊಂಟವೂ ಅಲ್ಲ, ನಡು. ಕನ್ನಡಕ್ಕೆ ಇಲ್ಲಿ ಒಂದಲ್ಲ ಮೂರು ಮಾತುಗಳಿವೆ. ಮೈ ಸಣ್ಣಗಾಗುವ, ಬಗ್ಗುವ ಜಾಗ ನಡು. ಅದಕ್ಕೇ ನಡುರಾತ್ರಿ, ನಡುಮನೆ, ನಡುನೀರು ಎಲ್ಲಕ್ಕೂ ಅದೇ ಮಾತು. ಮೇಲಿನದಕ್ಕೂ ಕೆಳಗಿನದಕ್ಕೂ ಮಧ್ಯದ್ದು. ಕೊಡ ಕೂರುವ, ಕೂಸು ಕೂರುವ ಎಲುಬಿನ ಜಾಗ ಸೊಂಟ. ಟೊಂಕ ಎಂದಾಗ ನನ್ನ ಕಿವಿಗೆ ಬೆನ್ನಿನ ಕಡೆಯ ಗಟ್ಟಿತನ ಕೇಳಿಸುತ್ತದೆ, ಭಾರ ಎತ್ತುವಾಗ ಮೊದಲು ಎಚ್ಚರವಾಗುವ ಭಾಗ. ಈ ಮೂರನ್ನೂ ಈಗ ‘ಹಿಪ್’ ಎಂಬ ಒಂದೇ ಡಬ್ಬಿಗೆ ತುಂಬಿದ್ದೇವೆ. ಬೇಲೂರಿನ ಮದನಿಕೆಯರಿಗೆ ಹಿಪ್ ಬೆಲ್ಟ್ ಎಂದರೆ ಒಪ್ಪೋಣ: 1117ರ ಆ ದೇಗುಲದ ಶಿಲ್ಪಗಳಲ್ಲಿ ಮೇಖಲೆ ನಿಜವಾಗಿಯೂ ನಡುವಿನಿಂದ ಕೆಳಗೆ, ಸೊಂಟದ ಮೇಲೆ ಒರಗಿ, ತೊಡೆಗಳ ಮೇಲೆ ಕುಚ್ಚು ಕುಚ್ಚಾಗಿ ಇಳಿದಿದೆ. ಶಿಲ್ಪಿಗೆ ಯಾವುದು ಎಲ್ಲಿ ಎಂಬುದು ಗೊತ್ತಿತ್ತು.

ಜಾಗದ ಹೆಸರಿನಂತೆಯೇ ಕ್ರಿಯಾಪದವೂ ಹೋಯಿತು. ಸೀರೆ ಉಡುತ್ತಿದ್ದೆವು, ರವಿಕೆ ತೊಡುತ್ತಿದ್ದೆವು, ಹೂ ಮುಡಿಯುತ್ತಿದ್ದೆವು, ಕುಂಕುಮ ಇಡುತ್ತಿದ್ದೆವು, ಶಾಲು ಹೊದೆಯುತ್ತಿದ್ದೆವು, ಪೇಟ ಸುತ್ತುತ್ತಿದ್ದೆವು, ಚಪ್ಪಲಿ ಮೆಟ್ಟುತ್ತಿದ್ದೆವು, ಡಾಬು ಕಟ್ಟುತ್ತಿದ್ದೆವು. ಈಗ ಎಲ್ಲವನ್ನೂ ‘ಹಾಕುತ್ತೇವೆ’. ಸೀರೆ ಹಾಕು, ಹೂ ಹಾಕು, ಬಳೆ ಹಾಕು, ಬೆಲ್ಟು ಹಾಕು. ಕಸವನ್ನೂ ಹಾಕುತ್ತೇವೆ, ಒಡವೆಯನ್ನೂ ಹಾಕುತ್ತೇವೆ. ನನ್ನ ಸಿಡುಕು ಬರೀ ಭಾಷೆಯದಲ್ಲ. ಕಟ್ಟುವುದು ಎಂದಾಗ ಎಲ್ಲಿ ಕಟ್ಟಬೇಕು, ಎಷ್ಟು ಬಿಗಿ ಕಟ್ಟಬೇಕು ಎಂಬ ಪ್ರಶ್ನೆ ಜೊತೆಯಲ್ಲೇ ಬರುತ್ತದೆ. ಹಾಕುವುದು ಎಂದರೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ.

‘ಟೊಂಕ ಕಟ್ಟಿ ನಿಲ್ಲು’ ಎಂಬ ನುಡಿಗಟ್ಟಿದೆಯಲ್ಲ (ನುಡಿಗಟ್ಟಿನಲ್ಲೂ ಕಟ್ಟೇ ಇದೆ, ನೋಡಿ), ಪತ್ರಿಕೆಗಳಲ್ಲಿ ದಿನಕ್ಕೊಮ್ಮೆಯಾದರೂ ಕಣ್ಣಿಗೆ ಬೀಳುತ್ತದೆ. ಅಭಿವೃದ್ಧಿಗೆ ಟೊಂಕ ಕಟ್ಟಿ ನಿಂತವರು, ಚುನಾವಣೆಗೆ ಟೊಂಕ ಕಟ್ಟಿ ನಿಂತವರು. ಬರೆಯುವವರಿಗಾಗಲಿ ಓದುವವರಿಗಾಗಲಿ ಅಲ್ಲಿ ಟೊಂಕವೂ ಕಾಣುವುದಿಲ್ಲ, ಕಟ್ಟುವುದೂ ಕಾಣುವುದಿಲ್ಲ. ನನಗೆ ಮಾತ್ರ ಪ್ರತಿ ಸಲವೂ ಅಜ್ಜಿ ಕಾಣುತ್ತಾಳೆ. ಸುಗ್ಗಿಯ ಕಾಲ, ಕಣದಲ್ಲಿ ರಾಗಿ ಬಡಿದು ಮುಗಿದಿದೆ, ತೂರಬೇಕು, ಗಾಳಿಗೆ ಕಾದಿದ್ದೇವೆ. ಹೊಂಗೆ ಮರದ ಎಲೆ ಮೊದಲು ಅಲುಗುತ್ತದೆ. ಯಾರೂ ಹೇಳಬೇಕಿಲ್ಲ, ಅಜ್ಜಿ ಎದ್ದು ನಿಲ್ಲುತ್ತಾಳೆ. ಬೆನ್ನ ಮೇಲಿದ್ದ ಸೆರಗನ್ನು ಬಲಗಡೆಯಿಂದ ಮುಂದಕ್ಕೆ ಎಳೆದು, ಒಂದು ಸುತ್ತು ಹಾಯಿಸಿ, ಎಡಗಡೆ ನಡುವಿಗೆ ಸಿಕ್ಕಿಸುತ್ತಾಳೆ. ಹೆಬ್ಬೆರಳಿನಿಂದ ಡಾಬನ್ನು ಒಂದು ಗೆಣ್ಣಿನಷ್ಟು ಮೇಲಕ್ಕೆ ದೂಡಿ, ಸೆರಗಿನ ತುದಿಯನ್ನು ಅದರ ಕೆಳಗೆ ಅದುಮುತ್ತಾಳೆ. ಆಮೇಲೆ ಅಂಗೈ ಆಡಿಸಿ ಸುತ್ತಲೂ ಒಮ್ಮೆ ನೋಡಿಕೊಳ್ಳುತ್ತಾಳೆ, ಎಲ್ಲೂ ಬಟ್ಟೆ ಮುದುರಿಲ್ಲ ತಾನೇ ಎಂದು. ಎಲ್ಲ ಸೇರಿ ಉಸಿರೊಂದರ ಹೊತ್ತು. ಮರುಕ್ಷಣ ಮೊರ ತಲೆಯ ಮೇಲಿರುತ್ತಿತ್ತು, ಹೊಟ್ಟು ಒಂದು ಕಡೆ, ಕಾಳು ಒಂದು ಕಡೆ. ಮಕ್ಕಳಾದ ನಾವು ಹೊಟ್ಟಿನ ದೂಳಿಗೆ ಕಣ್ಣು ಮುಚ್ಚಿಕೊಂಡು ಕೂಗುತ್ತಿದ್ದೆವು. ಗಾಳಿ ಬಿದ್ದರೆ ಸೆರಗು ಸಡಿಲಿಸಿ ಕೂರುತ್ತಿದ್ದಳು, ಎದ್ದರೆ ಮತ್ತೆ ಅದೇ ಎಳೆತ, ಅದೇ ಸುತ್ತು, ಅದೇ ಹೆಬ್ಬೆರಳು. ಒಂದು ಮಧ್ಯಾಹ್ನದಲ್ಲಿ ಹತ್ತು ಸಲ ಟೊಂಕ ಕಟ್ಟುತ್ತಿದ್ದಳು, ಹತ್ತು ಸಲ ಬಿಚ್ಚುತ್ತಿದ್ದಳು. ಒಂದು ಸಲವೂ ಅದು ಜಾರಿದ್ದು ನಾನು ನೋಡಿಲ್ಲ.

ನನಗೆ ಮಗಳು ಹುಟ್ಟಿದಾಗ ಅದೇ ಅಜ್ಜಿ ರಾಜಾಜಿನಗರಕ್ಕೆ ಬಂದಳು. ಬಾಣಂತಿಗೆ ಹೊಟ್ಟೆ ಕಟ್ಟಬೇಕಲ್ಲ. ಹಳೆಯ ನೂಲಿನ ಸೀರೆಯನ್ನು ಗೇಣಗಲಕ್ಕೆ ಮಡಿಸಿ ಸುತ್ತಿದಳು. ಸುತ್ತಿದ ಮೇಲೆ ಎರಡು ಬೆರಳು ಒಳಗೆ ತೂರಿಸಿ ನೋಡಿದಳು. ಬೆರಳು ಹೋಗಬೇಕು, ಅಂಗೈ ಹೋಗಬಾರದು. ಇಷ್ಟೇ ಅವಳ ಲೆಕ್ಕ. ಇವತ್ತಿಗೂ ಡ್ರೆಸ್ಸಿನ ಮೇಲೆ ಬೆಲ್ಟು ಕಟ್ಟುವವರಿಗೆ ನಾನು ಹೇಳುವುದು ಅದನ್ನೇ. ಅಂಗೈ ಹೋದರೆ ಬೆಲ್ಟು ಜಾರಿ ಸೊಂಟಕ್ಕೆ ಇಳಿಯುತ್ತದೆ, ಬೆರಳೂ ಹೋಗದಿದ್ದರೆ ಮೇಲೂ ಕೆಳಗೂ ಬಟ್ಟೆ ಉಬ್ಬುತ್ತದೆ, ಕೂತರೆ ಉಸಿರು ಹಿಡಿಯುತ್ತದೆ.

ಅಂಗಡಿಯಲ್ಲಿ ನನಗೆ ಬಾಯಿ ಕಟ್ಟಿಕೊಂಡು ನಿಲ್ಲಲಾಗಲಿಲ್ಲ. ಆ ಕಂದು ಚರ್ಮದ ಪಟ್ಟಿ ಮೂರು ಬೆರಳಗಲ, ಮೇಲೆ ಭಾರದ ಹಿತ್ತಾಳೆ ಬಕಲ್. ಜೀನ್ಸ್ ಬಟ್ಟೆಯಂಥ ದಪ್ಪದ್ದಕ್ಕಾದರೆ ಸರಿ. ಆ ತೆಳು ನೂಲು ಅದರಡಿ ಹಿಂಡಿದಂತೆ ಮುದುರಿಕೊಂಡಿತ್ತು. ತೆಳು ಬಟ್ಟೆಗೆ ಬಟ್ಟೆಯ ಪಟ್ಟಿಯೇ ಒಪ್ಪುತ್ತದೆ, ಇಲ್ಲವೇ ಬೆರಳಗಲದ ಸಣ್ಣ ಬೆಲ್ಟು. ಹುಡುಗಿ ಗಿಡ್ಡಗಿದ್ದಳು. ಗಿಡ್ಡಗಿದ್ದವರಿಗೆ ಬಟ್ಟೆಯದೇ ಬಣ್ಣದ ಪಟ್ಟಿ ಇದ್ದರೆ ಮೈ ಎರಡು ತುಂಡಾದಂತೆ ಕಾಣುವುದಿಲ್ಲ. ಕಟ್ಟಿದ ಮೇಲೆ ಒಮ್ಮೆ ಎರಡೂ ಕೈ ಮೇಲೆತ್ತಬೇಕು, ಎಷ್ಟು ಬಟ್ಟೆ ಬೇಕೋ ಅಷ್ಟನ್ನು ನಡುವೇ ಬಿಟ್ಟುಕೊಡುತ್ತದೆ. ಮುಂದೆ ಸೇರಿದ ನೆರಿಗೆಗಳನ್ನು ಸೀರೆಯ ನೆರಿಗೆಯಂತೆಯೇ ಬೆರಳಿನಿಂದ ಪಕ್ಕಕ್ಕೂ ಬೆನ್ನಿಗೂ ಸರಿಸಬೇಕು. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ. ಅಜ್ಜಿ ತಲೆದೂಗಿದರು. ಅಂಗಡಿಯಾಕೆ ಚರ್ಮದ ಪಟ್ಟಿ ಬಿಚ್ಚಿ, ಡ್ರೆಸ್ಸಿನ ಜೊತೆಯೇ ಬಂದಿದ್ದ, ಯಾರೂ ಗಮನಿಸದಿದ್ದ ಅದೇ ಬಟ್ಟೆಯ ಲಾಡಿಯನ್ನು ತಂದಳು.

ಬಟ್ಟೆಗೆ ಬಟ್ಟೆಯ ಪಟ್ಟಿ ಎಂಬುದಕ್ಕೆ ನಮ್ಮ ನಾಡಿನಲ್ಲೇ ಅತಿ ಚೆಂದದ ಉದಾಹರಣೆ ಕೊಡಗಿನದು. ಮೊಣಕಾಲವರೆಗಿನ ಕುಪ್ಯ, ಅದರ ನಡುವಿಗೆ ಸುತ್ತಿದ ಕೆಂಪು ರೇಷ್ಮೆಯ ಚೇಲೆ, ಅದರಲ್ಲಿ ಸಿಕ್ಕಿಸಿದ ಪೀಚೆಕತ್ತಿ. ಚೇಲೆಯಿಲ್ಲದ ಕುಪ್ಯವನ್ನು ಊಹಿಸಿ ನೋಡಿ, ಒಂದು ಉದ್ದನೆಯ ಕೋಟು ಅಷ್ಟೇ. ಆ ಉಡುಪನ್ನು ಕರೆಯುವಾಗಲೂ ಪಟ್ಟಿಯನ್ನು ಬಿಟ್ಟು ಕರೆಯುವುದಿಲ್ಲ, ಕುಪ್ಯಚೇಲೆ ಎಂದು ಎರಡನ್ನೂ ಸೇರಿಸಿಯೇ ಹೇಳುತ್ತಾರೆ.

ಪಟ್ಟಿ ಅಂದೆನಲ್ಲ, ಮನೆಗೆ ಮರಳುವಾಗ ಬಸ್ಸಿನ ಬೋರ್ಡು ಓದಿ ಇನ್ನೊಂದು ಗುಂಗು ಹಿಡಿಯಿತು: ಪಟ್ಟೇಗಾರಪಾಳ್ಯ. ಮಾಗಡಿ ರಸ್ತೆಯ ಮಗ್ಗುಲಿನ ಈ ಊರಿನ ಹೆಸರನ್ನು ಎಷ್ಟು ಸಾವಿರ ಸಲ ಓದಿದ್ದೇನೋ. ಪಟ್ಟೆ ಎಂದರೆ ರೇಷ್ಮೆ, ಪಟ್ಟೇಗಾರರು ರೇಷ್ಮೆಯ ನೇಕಾರರು. ಹಣೆಗೆ ಪಟ್ಟಿ ಕಟ್ಟಿದರೆ ಅದೇ ಪಟ್ಟ ಕಟ್ಟುವುದು, ರಾಜನಾಗುವುದು. ಚಾಲುಕ್ಯರು ಪಟ್ಟ ಕಟ್ಟಿಸಿಕೊಂಡ ಊರು ಪಟ್ಟದಕಲ್ಲು. ಅರಸಿಗೆ ಪಟ್ಟದರಸಿ, ಆನೆಗೆ ಪಟ್ಟದಾನೆ. ಹಣೆಗೆ ಕಟ್ಟಿದ್ದಕ್ಕೆ ಇಷ್ಟು ಮರ್ಯಾದೆ ಸಂದಿರುವಾಗ ನಡುವಿಗೆ ಕಟ್ಟಿದ್ದನ್ನು ಸೊಂಟಪಟ್ಟಿ, ನಡುಪಟ್ಟಿ ಎಂದು ಕರೆಯಲು ನಾವೇಕೆ ನಾಚಬೇಕು? ಬೆಲ್ಟು ಎಂಬ ಪದ ಬೇಡವೆಂದಲ್ಲ. ಪ್ಯಾಂಟಿಗೆ, ಗಿರಣಿಯ ಚಕ್ರಕ್ಕೆ, ಕಾರಿನ ಸೀಟಿಗೆ ಅದು ಇರಲಿ, ಅಲ್ಲಿ ಅದು ಎಂದೋ ಕನ್ನಡವಾಗಿದೆ. ಡ್ರೆಸ್ಸಿನ ಮೇಲಿನದಕ್ಕೆ ಮಾತ್ರ ಅಜ್ಜಿಯ ಮಾತನ್ನು ಉಳಿಸಿಕೊಳ್ಳೋಣ ಎಂಬುದು ನನ್ನ ಆಸೆ. ಲೋಹದ್ದಾದರೆ ಡಾಬು, ಬಟ್ಟೆಯದಾದರೆ ನಡುಪಟ್ಟಿ.

ಮನೆಯಲ್ಲಿ ಒಂದು ಹಳೆಯ ಇಳಕಲ್ ಸೀರೆಯಿದೆ, ಒಡಲು ಪಿಸಿದಿದೆ, ಅಂಚು ಮಾತ್ರ ಕಲ್ಲಿನಂತಿದೆ. ಮಂಗಳವಾರ ಅದನ್ನು ಬಸವೇಶ್ವರನಗರದ ನಮ್ಮ ಟೈಲರ್ ಹತ್ತಿರ ಒಯ್ದೆ. ಮಗಳ ಕಪ್ಪು ಡ್ರೆಸ್ಸಿಗೆ ಈ ಅಂಚಿನಲ್ಲಿ ಒಂದು ಪಟ್ಟಿ ಹೊಲಿದುಕೊಡಿ ಅಂದೆ. ಅವರು ಅಂಚನ್ನು ಬೆಳಕಿಗೆ ಹಿಡಿದು ನೋಡಿದರು. ಒಳಗೆ ಕ್ಯಾನ್ವಾಸ್ ಕೊಟ್ಟರೆ ನೆಟ್ಟಗೆ ನಿಲ್ಲುತ್ತೆ, ಆದರೆ ದಪ್ಪದ್ದು ಬೇಡ, ಕೂತಾಗ ಚುಚ್ಚುತ್ತೆ ಅಂದರು. ಪಟ್ಟಿ ಜಾರದಂತೆ ಡ್ರೆಸ್ಸಿನ ಎರಡೂ ಪಕ್ಕದ ಹೊಲಿಗೆಗೆ ದಾರದ ಕುಣಿಕೆ ಹಾಕಿಕೊಡುತ್ತೇನೆ ಅಂದರು. ಆಮೇಲೆ ಅಳತೆಯ ಪುಸ್ತಕ ತೆಗೆದು, “ವೇಸ್ಟಿಗಾ ಅಮ್ಮಾ, ಹಿಪ್ಪಿಗಾ?” ಎಂದರು.

“ನಡುವಿಗೆ” ಅಂದೆ.

ಅವರು ಒಂದು ಗಳಿಗೆ ಪೆನ್ಸಿಲ್ ಹಿಡಿದು ನಿಂತರು. ಆಮೇಲೆ ಬರೆದುಕೊಂಡರು: ನಡು, 29. ಗುರುವಾರ ಸಂಜೆ ಬನ್ನಿ ಅಂದರು.